ಫಿರಂಗಿಯ ಕೊಳವೆಯೊಳಗೆ ಉಳಿದವಳು

ಅವಳ ಎತ್ತರ ನಾಲ್ಕೂವರೆ ಅಡಿಯ ಮೇಲೆ ಎರಡಂಗುಲ. ಶಾಲೆಯಲ್ಲಿ ಅದಕ್ಕಾಗಿ ಎಲ್ಲರ ಬಾಯಿಗೂ ಬಿದ್ದವಳು, ನಲವತ್ತು ದಾಟಿದ ಮೇಲೆ ಅದೇ ಕಾರಣಕ್ಕೆ ಒಳ್ಳೆಯ ಕೆಲಸ ಗಿಟ್ಟಿಸಿಕೊಂಡಳು. ಜೊತೆಯ ಕೆಲಸಗಾರರೆಲ್ಲ ಅವಳನ್ನು ಕೊಳವೆಯಕ್ಕ ಎಂದೇ ಕರೆಯುತ್ತಿದ್ದರು. ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿತ್ತು, ಅಲ್ಲಿಯೇ ಉಳಿಯಿತು.

ಅವಳ ಅಪ್ಪ ನೀರು ಸರಬರಾಜಿನ ದೊಡ್ಡ ಕೊಳವೆಗಳನ್ನು ಬೆಸೆಯುತ್ತಿದ್ದ. ರಜೆಯ ದಿನ ಮಗಳನ್ನು ಕೆಲಸದ ಜಾಗಕ್ಕೆ ಕರೆದೊಯ್ದು, ಕೈಗೊಂದು ಸಣ್ಣ ಸುತ್ತಿಗೆ ಕೊಟ್ಟು ಬೆಸುಗೆಯ ಮೇಲೆ ತಟ್ಟಿಸುತ್ತಿದ್ದ. ಗಟ್ಟಿ ಬೆಸುಗೆ ಟಿಣ್ ಎನ್ನುತ್ತದೆ, ಒಳಗೆ ಟೊಳ್ಳಿದ್ದರೆ ಸದ್ದು ಅಲ್ಲೇ ಸಾಯುತ್ತದೆ. ಹತ್ತು ವರ್ಷದ ಹೊತ್ತಿಗೆ ಅವಳ ಕಿವಿ ಅಪ್ಪನ ಕಿವಿಯನ್ನು ಮೀರಿಸಿತ್ತು. ಹದಿಮೂರನೆಯ ವಯಸ್ಸಿನಲ್ಲಿ ತಾಯಿ ತೀರಿಕೊಂಡಳು. ಎರಡು ವರ್ಷದ ತಮ್ಮ ಅಕ್ಕನ ಸೊಂಟಕ್ಕೆ ಬಂದ. ಅವನಿಗೆ ಉಣ್ಣಿಸಿದ್ದು, ಅಕ್ಷರ ತಿದ್ದಿಸಿದ್ದು, ಜ್ವರ ಬಂದರೆ ತೊಡೆಯ ಮೇಲೆ ಹಾಕಿಕೊಂಡು ಕೂತದ್ದು ಎಲ್ಲ ಅವಳೇ. ಮದುವೆಯ ಮಾತು ಬಂದಾಗ, ನೋಡಲು ಬಂದ ದರ್ಜಿಗೆ ಅವಳು ಹೇಳಿದ್ದು ಒಂದೇ ಮಾತು: "ನನ್ನ ಜೊತೆ ಇವನೂ ಬರ್ತಾನೆ." ದರ್ಜಿ ಹುಡುಗನನ್ನು ಮೇಲಿಂದ ಕೆಳಗೆ ನೋಡಿ, "ಬರ್ಲಿ, ಎರಡು ಗಜ ಬಟ್ಟೆ ಹೆಚ್ಚಿಗೆ ಬೇಕಾಗುತ್ತೆ ಅಷ್ಟೇ" ಎಂದಿದ್ದ.

ಊರಾಚೆಯ ಗುಡ್ಡದ ಮೈಗೆ ಫಿರಂಗಿ ಬಂದದ್ದು ಅವಳಿಗೆ ನಲವತ್ತೊಂದಾಗಿದ್ದಾಗ. ಯುದ್ಧದ ಫಿರಂಗಿಯಲ್ಲ. ಗುಡ್ಡದ ಇಳಿಜಾರಿಗೆ ಒರಗಿಸಿದ ಇನ್ನೂರ ನಲವತ್ತು ಮೀಟರ್ ಉದ್ದದ ಉಕ್ಕಿನ ನಳಿಗೆ ಅದು. ಬುಡದಲ್ಲಿ ಅನಿಲವನ್ನು ಅದುಮಿ ಕಾಯಿಸಿ ಒಮ್ಮೆಲೇ ಬಿಟ್ಟರೆ, ನಳಿಗೆಯೊಳಗಿನ ಗುಂಡು ಕಣ್ಣು ರೆಪ್ಪೆ ಹೊಡೆಯುವುದರೊಳಗೆ ಆಕಾಶ ದಾಟಬೇಕು. ಗುಂಡಿನ ಹೊಟ್ಟೆಯಲ್ಲಿ ನೀರು, ಇಂಧನ, ಲೋಹದ ತುಂಡುಗಳು, ಹೀಗೆ ಎಂಥ ಏಟಿಗೂ ಜಗ್ಗದ ಸಾಮಾನು. ಮೇಲೆ ಹೋದ ಮೇಲೆ ಬಾಲದಲ್ಲಿದ್ದ ಪುಟ್ಟ ರಾಕೆಟ್ಟು ಹೊತ್ತಿಕೊಂಡು ಅದನ್ನು ಭೂಮಿಯ ಸುತ್ತ ತಿರುಗುವ ದಾರಿಗೆ ಹಚ್ಚುತ್ತಿತ್ತು. ರಾಕೆಟ್ಟಿನಲ್ಲಿ ಎಲ್ಲವನ್ನೂ ಹೊತ್ತೊಯ್ಯುವುದಕ್ಕಿಂತ ಇದು ಅಗ್ಗ ಎಂಬ ಲೆಕ್ಕಾಚಾರ. "ಮನುಷ್ಯರನ್ನ ಇದ್ರಲ್ಲಿ ಕಳಿಸಬಹುದಾ?" ಎಂದು ಸೇರಿದ ದಿನ ಅವಳು ಕೇಳಿದ್ದಕ್ಕೆ ಮುಖ್ಯ ಎಂಜಿನಿಯರ್ ನಕ್ಕಿದ್ದ. "ಕಳಿಸಬಹುದು. ಆಮೇಲೆ ಒರೆಸೋಕೆ ಬಟ್ಟೆ ಬೇಕಾಗುತ್ತೆ."

ಒರೆಸುವುದೇ ಅವಳ ಕೆಲಸವಾಗಿತ್ತು. ಹಾಗೆಂದರೆ ಕಡಿಮೆಯಾದೀತು. ನಳಿಗೆಯ ಒಳಬಾಯಿ ಎಂಟು ನೂರು ಮಿಲಿಮೀಟರ್. ಉದ್ದ ಆಳುಗಳಿಗೆ ಅಲ್ಲಿ ಮಂಡಿ ಮಡಚಲಾಗದು. ಪ್ರತಿ ಹಾರಿಕೆಗೆ ಮುಂಚೆ ಅವಳು ಗಾಲಿಯ ಹಲಗೆಯ ಮೇಲೆ ಮಲಗಿ, ಹಗ್ಗದಲ್ಲಿ ಇಳಿದು, ನಲವತ್ತು ಬೆಸುಗೆಗಳನ್ನೂ ತಟ್ಟಿ, ಸವರಿ, ದೀಪ ಹಿಡಿದು ನೋಡಿ ಬುಡದಿಂದ ಹೊರಬರುತ್ತಿದ್ದಳು. ಅಲ್ಲಿ ಉಳಿದ ಮರಳಿನ ಕಣವೂ ಗುಂಡಿನ ವೇಗಕ್ಕೆ ಚೂರಿಯಾಗುತ್ತದೆ. ಅದಕ್ಕೆ ಗಂಡ ಅವಳಿಗೆ ಜೇಬಿಲ್ಲದ, ಗುಂಡಿಯಿಲ್ಲದ, ನೂಲು ಉದುರದ ಅಂಗಿ ಹೊಲಿದುಕೊಟ್ಟಿದ್ದ. ಒಳಗೆ ಫೋನಿಲ್ಲ, ಬಳೆಯಿಲ್ಲ, ತಲೆಗೆ ಪಿನ್ನಿಲ್ಲ.

ಯಾರು ಒಳಗಿದ್ದಾರೆ ಎಂದು ತಿಳಿಯಲು ನಳಿಗೆಯ ಬುಡದಲ್ಲಿ ಇದ್ದದ್ದು ಒಂದು ಮರದ ಹಲಗೆ ಮತ್ತು ಹಿತ್ತಾಳೆ ಬಿಲ್ಲೆಗಳು. ಹೋಗುವವರು ತಮ್ಮ ಬಿಲ್ಲೆಯನ್ನು ಹಲಗೆಗೆ ನೇತುಹಾಕಿ ಹೋಗಬೇಕು, ಬಂದ ಮೇಲೆ ತೆಗೆಯಬೇಕು. ಒಂದೇ ಒಂದು ಬಿಲ್ಲೆ ನೇತಾಡುತ್ತಿದ್ದರೂ ಗುಂಡು ತುಂಬಿ ಬುಡದ ಬಾಗಿಲು ಮುಚ್ಚುವಂತಿಲ್ಲ. ಆ ಹಲಗೆ ಕಾಯುವ ಕೆಲಸ ಅವಳ ತಮ್ಮನದು. ನಾಲ್ಕು ಕಡೆ ಸೇರಿ ನಾಲ್ಕು ಕಡೆ ಬಿಟ್ಟವನಿಗೆ ಅವಳೇ ಎಂಜಿನಿಯರನ ಕಾಲು ಹಿಡಿಯುವುದೊಂದು ಬಾಕಿ ಎಂಬಂತೆ ಕೇಳಿ ಕೊಡಿಸಿದ್ದಳು. ಈ ಕೆಲಸ ಅವನಿಗೆ ಒಗ್ಗಿತ್ತು. ಮೂವತ್ತು ದಾಟಿದ ಗಂಡಸು, ಕುರ್ಚಿಯ ಮೇಲೆ ನೆಟ್ಟಗೆ ಕೂತು, ಹೋಗಿ ಬರುವವರ ಹೊತ್ತನ್ನು ಚೆಂದದ ಅಕ್ಷರದಲ್ಲಿ ಬರೆಯುತ್ತಿದ್ದ.

ಕೊಳವೆಯಕ್ಕನಿಗೆ ಒಂದು ಕೆಟ್ಟ ಮರೆವಿತ್ತು. ನಾಲ್ಕು ಗಂಟೆ ಅಂಗಾತ ಬಿದ್ದು ಬಂದವಳಿಗೆ ಮೊದಲು ಬೇಕಾದ್ದು ಗಾಳಿ ಮತ್ತು ಚಹಾ. ಬಿಲ್ಲೆ ತೆಗೆಯುವುದು ತಲೆಯಲ್ಲಿ ಉಳಿಯುತ್ತಿರಲಿಲ್ಲ. ಮೊದಲ ಸಲ ಮರೆತಾಗ ಇಡೀ ನಳಿಗೆ ಹುಡುಕಿಸಿ ಅರ್ಧ ದಿನ ಹಾಳಾಯಿತು. ಎಂಜಿನಿಯರ್ ಕೆಂಡಾಮಂಡಲವಾದ. ಎರಡನೆಯ ಸಲ ಮರೆತಾಗ ತಮ್ಮನೇ ಬಿಲ್ಲೆ ತೆಗೆದಿಟ್ಟ.

"ನೀನು ಹೊರಗೆ ಬಂದಿದ್ದು ನೋಡಿದ್ನಲ್ಲ ಅಕ್ಕ. ಅದಕ್ಕೆ ತೆಗೆದೆ."

"ಪುಣ್ಯ ಕಟ್ಕೊಂಡೆ ಕಣೋ. ಇಲ್ಲಾಂದ್ರೆ ಇವತ್ತು ನನ್ನ ಚರ್ಮ ಸುಲೀತಿದ್ರು."

ಆಮೇಲೆ ಇನ್ನೊಮ್ಮೆಯೂ ಹಾಗೆಯೇ ಆಯಿತು. ಇಬ್ಬರೂ ಅದನ್ನು ಯಾರಿಗೂ ಹೇಳಲಿಲ್ಲ. ಅಕ್ಕತಮ್ಮನ ನಡುವಿನ ಸಣ್ಣ ಉಪಕಾರ, ಅದರಲ್ಲಿ ಹೇಳುವಂಥದ್ದೇನಿತ್ತು?

ಹನ್ನೆರಡನೆಯ ಹಾರಿಕೆಯ ಬೆಳಿಗ್ಗೆ ಅವಳು ಎಂದಿನಂತೆ ಒಳಗೆ ಹೋಗಿ, ನಲವತ್ತೂ ಬೆಸುಗೆ ನೋಡಿ, ಹತ್ತು ಗಂಟೆಗೆ ಹೊರಬಂದಳು. ಅಂದು ನೆನಪಿಟ್ಟುಕೊಂಡು ತಾನೇ ಬಿಲ್ಲೆ ತೆಗೆದಳು ಕೂಡ. ತಮ್ಮ ಪುಸ್ತಕದಲ್ಲಿ ಹೊತ್ತು ಬರೆದ. ಕೈ ತೊಳೆದು ಚಹಾ ಲೋಟ ತುಟಿಗಿಟ್ಟಾಗ ಅವಳಿಗೆ ಇಪ್ಪತ್ತೆರಡನೆಯ ಬೆಸುಗೆ ನೆನಪಾಯಿತು. ಅಲ್ಲಿ ಅಕ್ಕಿಕಾಳಿನಷ್ಟು ಮುಳ್ಳೊಂದು ಉಗುರಿಗೆ ತಾಕಿತ್ತು. ಕೆರೆದು ತೆಗೆದಿದ್ದಳು, ಸರಿ. ಉದುರಿದ ಪುಡಿಯನ್ನು ಒರೆಸಿದ್ದೆನೋ ಇಲ್ಲವೋ? ಎಷ್ಟು ನೆನೆದರೂ ಕೈಗೆ ಬಟ್ಟೆ ಹಿಡಿದ ನೆನಪು ಬರಲಿಲ್ಲ. ಲೋಟ ಅಲ್ಲೇ ಇಟ್ಟು ಎದ್ದಳು.

ಮೇಲಿನ ಹಗ್ಗ, ಗಾಲಿಹಲಗೆ ಎಲ್ಲ ಬಿಚ್ಚಿಯಾಗಿತ್ತು. ಬುಡದ ಬಾಗಿಲು ಇನ್ನೂ ತೆರೆದಿತ್ತು. ತಮ್ಮ ಕುರ್ಚಿಯಲ್ಲಿರಲಿಲ್ಲ; ಬಾಟಲಿಗೆ ನೀರು ತುಂಬಲು ಹೋಗಿದ್ದ. ಅವಳು ಬಿಲ್ಲೆಯನ್ನು ಹಲಗೆಗೆ ತಗುಲಿಸಿ, ಹಿತ್ತಾಳೆಯ ಕೆರೆಗತ್ತಿ ಮತ್ತು ಬಟ್ಟೆ ಹಿಡಿದು, ಬೆನ್ನು ಮಂಡಿ ಒತ್ತಿಕೊಂಡು ಮೇಲಕ್ಕೆ ತೆವಳಿದಳು. ಇಪ್ಪತ್ತೆರಡನೆಯ ಬೆಸುಗೆಗೆ ಹೋಗಲು ಅರ್ಧ ಗಂಟೆಗಿಂತ ಹೆಚ್ಚೇ ಹಿಡಿಯಿತು. ಪುಡಿ ಅಲ್ಲೇ ಇತ್ತು. ಬಂದದ್ದು ಒಳ್ಳೆಯದಾಯಿತು ಎಂದುಕೊಂಡು ಒರೆಸತೊಡಗಿದಳು.

ಮೇಲಿನ ಬಾಯಿಯ ಬಿಳಿ ಬೆಳಕು ಮಸುಕಾಗಿ ಹಾಲಿನ ಬಣ್ಣಕ್ಕೆ ತಿರುಗಿತು. ಬಾಯಿಗೆ ಹಾಳೆ ಕಟ್ಟಿದರು ಎಂದು ಗೊತ್ತಾಯಿತು. ಗುಂಡಿಗೆ ಗಾಳಿ ಅಡ್ಡ ಬರಬಾರದೆಂದು ನಳಿಗೆಯ ಬಾಯಿಗೆ ಪ್ಲಾಸ್ಟಿಕ್ ಹಾಳೆ ಬಿಗಿದು, ಒಳಗಿನ ಗಾಳಿಯನ್ನೆಲ್ಲ ಪಂಪು ಹಚ್ಚಿ ಎಳೆದುಬಿಡುತ್ತಾರೆ. ಹಾರಿದ ಗುಂಡು ಹಾಳೆ ಹರಿದುಕೊಂಡು ಹೋಗುತ್ತದೆ. ಅವಳಿಗೆ ಹೆದರಿಕೆಯಾಗಲಿಲ್ಲ. ಬಿಲ್ಲೆ ಹಲಗೆಯ ಮೇಲಿತ್ತಲ್ಲ.

ಆಗ ಅಂಗೈಯಡಿಯ ಉಕ್ಕು ಒಮ್ಮೆ ನಡುಗಿತು. ಸದ್ದು ಆಮೇಲೆ ಬಂತು. ಬುಡದ ಬಾಗಿಲು ಮುಚ್ಚಿದ ಸದ್ದು.

ಒಂದು ಗಳಿಗೆ ಅವಳು ಬಟ್ಟೆ ಹಿಡಿದ ಕೈಯನ್ನೇ ನೋಡುತ್ತ ಇದ್ದುಬಿಟ್ಟಳು. ಕೈ ಇನ್ನೂ ಒರೆಸುತ್ತಲೇ ಇತ್ತು. ತಪ್ಪು ಕೇಳಿರಬೇಕು ಎಂದುಕೊಂಡಳು. ಆದರೆ ಹುಟ್ಟಿದಾಗಿನಿಂದ ಕೊಳವೆಗಳ ಸದ್ದು ಕೇಳಿ ಬೆಳೆದವಳ ಕಿವಿ ತಪ್ಪುವುದಿಲ್ಲ. ಬೋಲ್ಟುಗಳು ಒಂದೊಂದಾಗಿ ಬಿಗಿಯಾಗುವುದೂ ಕೇಳಿಸಿತು. ಹನ್ನೆರಡನ್ನೂ ಎಣಿಸಿದಳು, ಯಾಕೆ ಎಣಿಸಿದಳೋ. ಕೂಗಿದಳು. ಕೂಗು ನಳಿಗೆಯುದ್ದಕ್ಕೂ ಓಡಿ, ಯಾರದೋ ದನಿಯಂತೆ ಅವಳ ಬಳಿಗೇ ವಾಪಸು ಬಂತು. ಕೆರೆಗತ್ತಿಯಿಂದ ಉಕ್ಕಿಗೆ ಬಡಿದಳು. ಬಾಗಿಲು ಹಾಕಿದ ಕೂಡಲೇ ಎಲ್ಲರೂ ಗುಡ್ಡದಾಚೆಯ ಆಸರೆಗೆ ಹೋಗುತ್ತಾರೆ ಎಂಬುದು ನೆನಪಾಗಿ ಕೈ ನಿಂತಿತು.

ಸೈರನ್ ಕೂಗಿತು. ಇನ್ನು ಹತ್ತು ನಿಮಿಷಕ್ಕೆ ಪಂಪು.

ಕೆಳಗೆ ಬಿಗಿದ ಬಾಗಿಲು. ಮೇಲೆ, ಹದಿನೆಂಟು ಬೆಸುಗೆಗಳ ಆಚೆ, ಬರೀ ಒಂದು ಹಾಳೆ. ಅವಳು ಕೆರೆಗತ್ತಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಮೇಲಕ್ಕೆ ಹೊರಟಳು. ಅಷ್ಟು ಜೋರಾಗಿ ಅವಳು ಯಾವತ್ತೂ ಹತ್ತಿರಲಿಲ್ಲ. ಮಂಡಿಗೆ ಕಟ್ಟಿದ್ದ ರಬ್ಬರು ಒಂದು ಕಡೆ ಕಿತ್ತುಬಂತು, ಮೊಣಕೈ ಸುಲಿಯಿತು, ಒಮ್ಮೆ ಜಾರಿ ಎರಡು ಮಾರು ಕೆಳಗೆ ಬಂದಳು. ಪಂಪು ಶುರುವಾದಾಗ ಇನ್ನೂ ನಾಲ್ಕು ಬೆಸುಗೆ ಉಳಿದಿತ್ತು. ಮೊದಲು ಕಿವಿ ಟಪ್ ಎಂದು ಒಡೆದಂತಾಯಿತು. ಆಮೇಲೆ ತನ್ನ ಏದುಸಿರೇ ದೂರದಿಂದ ಕೇಳತೊಡಗಿತು. ಬಾಯಿತುಂಬ ಗಾಳಿ ಎಳೆದರೂ ಎದೆ ತುಂಬಲೊಲ್ಲದು. ಮುಂದೆ ಹಾಳೆ ಒಳಕ್ಕೆ ಉಬ್ಬಿ, ಬಿಗಿದು, ಚರ್ರೆಂದು ಹಿಗ್ಗುತ್ತಿತ್ತು.

ಹತ್ತಿರ ಬಂದು ಕತ್ತಿಯನ್ನು ಎರಡೂ ಕೈಯಲ್ಲಿ ಹಿಡಿದು ಇರಿದಳು. ಮೊದಲ ಏಟು ಜಾರಿತು. ಎರಡನೆಯದಕ್ಕೆ ಹಾಳೆ ಒಂದೇ ಸಲಕ್ಕೆ ಅಂಚಿನಿಂದ ಅಂಚಿಗೆ ಹರಿದು, ಹೊರಗಿನ ಗಾಳಿ ನುಗ್ಗಿ, ಅವಳನ್ನು ಎದೆಗೆ ಒದ್ದಂತೆ ಕೆಳಕ್ಕೆ ತಳ್ಳಿತು. ಎರಡು ಬೆಸುಗೆಯಷ್ಟು ಜಾರಿ ನಿಂತಳು. ಮುಖದ ಮೇಲೆ ತಣ್ಣನೆ ಗಾಳಿ. ಉಸಿರಾಡುವುದೊಂದು ಬಿಟ್ಟು ಏನೂ ಮಾಡಲಾಗಲಿಲ್ಲ.

ಕಂಟ್ರೋಲ್ ರೂಮಿನಲ್ಲಿ ಗೇಜು ನೋಡುತ್ತಿದ್ದ ಮುದುಕ, ಇಳಿಯುತ್ತಿದ್ದ ಮುಳ್ಳು ಸರ್ರನೆ ಮೇಲೆ ಹಾರಿದ್ದು ಕಂಡು ಪಂಪು ನಿಲ್ಲಿಸಿದ. "ಹಾಳೆ ಹರೀತು" ಎಂದ. "ಹೊಸದು ಕಟ್ಟಿ" ಎಂದ ಎಂಜಿನಿಯರ್. ಅಷ್ಟೇ. ಹಾಳೆ ಹಿಂದೆಯೂ ಒಮ್ಮೆ ತಾನಾಗಿ ಹರಿದದ್ದಿತ್ತು, ಒಳಗೆ ಇಣುಕಿ ನೋಡಿ ಎಂದು ಯಾರಿಗೂ ಹೊಳೆಯಲಿಲ್ಲ.

ಹಾಳೆ ಕಟ್ಟುವ ಇಬ್ಬರು ಹೊಸ ಹಾಳೆ ಹೊತ್ತು ಬಂದಾಗ ನಳಿಗೆಯ ಬಾಯಿಂದ ಒಂದು ತಲೆ ಹೊರಬರುತ್ತಿತ್ತು. ಮೂಗಿನಿಂದ ರಕ್ತ, ಹಲ್ಲಿನಲ್ಲಿ ಕತ್ತಿ. ಒಬ್ಬ ಹಾಳೆ ಕೈಬಿಟ್ಟು ಇದ್ದಲ್ಲಿಯೇ ಕುಕ್ಕರಿಸಿದ. ಇನ್ನೊಬ್ಬನಿಗೆ ಬಾಯಿಂದ ಬಂದದ್ದು ಇಷ್ಟೇ: "ಅಕ್ಕ, ನೀವು ಚಹಾ ಕುಡೀತಿದ್ರಲ್ಲ?"

ಆ ದಿನವೆಲ್ಲ ಅವಳು ಗರಬಡಿದವಳಂತೆ ಇದ್ದಳು. ಕೇಳಿದ್ದಕ್ಕೆ ಉತ್ತರ ಕೊಟ್ಟಳು, ನೀರು ಕೊಟ್ಟರೆ ಕುಡಿದಳು, ಅಂಗೈಗಳನ್ನು ಮಾತ್ರ ಅಂಗಿಯ ಅಂಚಿಗೆ ಒರೆಸಿಕೊಳ್ಳುತ್ತಲೇ ಇದ್ದಳು. ತಮ್ಮ ಆಸ್ಪತ್ರೆಗೆ ಓಡಿಬಂದು ಬಾಗಿಲಲ್ಲಿ ನಿಂತ. ಒಳಗೆ ಬರಲಿಲ್ಲ. ಪಾಪ, ಹೆದರಿದ್ದಾನೆ ಎಂದುಕೊಂಡಳು. ಬಿಲ್ಲೆಗೆ ಏನಾಯಿತೆಂದು ಆಗ ಅವಳಿಗೆ ಯೋಚನೆಯೇ ಬರಲಿಲ್ಲ.

ಮರುದಿನ ಎಂಜಿನಿಯರನ ಕೋಣೆಯಲ್ಲಿ ವಿಚಾರಣೆ. ಕೇಂದ್ರ ಕಚೇರಿಯಿಂದ ಬಂದಿದ್ದ ಅಧಿಕಾರಿಣಿ ಮೇಜಿನ ಒಂದು ಬದಿ, ಎಂಜಿನಿಯರ್ ಪಕ್ಕದಲ್ಲಿ, ಗೇಜಿನ ಮುದುಕ ಕಿಟಕಿಯ ಬಳಿ. ಅಕ್ಕತಮ್ಮ ಎದುರುಬದುರು.

ಅಧಿಕಾರಿಣಿ ತಮ್ಮನನ್ನು ಕೇಳಿದಳು: "ಬಾಗಿಲು ಮುಚ್ಚೋ ಮುಂಚೆ ಹಲಗೆ ನೋಡಿದ್ರಾ?"

"ನೋಡ್ದೆ ಮೇಡಂ."

"ಇವರ ಬಿಲ್ಲೆ ಇತ್ತಾ?"

ಅವನು ಮೇಜಿನ ಮೇಲಿನ ನೀರಿನ ಲೋಟವನ್ನು ನೋಡಿದ. "ಇರ್ಲಿಲ್ಲ."

ಕೊಳವೆಯಕ್ಕನಿಗೆ ಮೊದಲು ಆ ಮಾತಿನ ಅರ್ಥವೇ ಆಗಲಿಲ್ಲ. ಇರಲಿಲ್ಲವೇ? ತನ್ನ ಕೈಯಿಂದಲೇ ತಗುಲಿಸಿದ್ದಲ್ಲವೇ? ಆಮೇಲೆ ಒಮ್ಮೆಲೇ ಎಲ್ಲ ಅರ್ಥವಾಯಿತು. ನೀರು ತುಂಬಿಕೊಂಡು ಬಂದವನು ಹಲಗೆಯ ಮೇಲೆ ಬಿಲ್ಲೆ ಕಂಡಿದ್ದಾನೆ. ಅಕ್ಕ ಹತ್ತಕ್ಕೇ ಹೊರಬಂದದ್ದನ್ನು ಕಂಡವನು, ಅವಳು ತೆಗೆದದ್ದನ್ನು ಗಮನಿಸದೆ, ಮತ್ತೆ ಮರೆತಳು ಎಂದುಕೊಂಡಿದ್ದಾನೆ. ಉಪಕಾರ ಮಾಡಿದ್ದಾನೆ. ಅಷ್ಟನ್ನು ಅವಳು ತಡೆದುಕೊಳ್ಳಬಲ್ಲವಳಾಗಿದ್ದಳು. ಆದರೆ ಈಗ, ಅವಳು ಬದುಕಿ ಎದುರಿಗೆ ಕೂತಿರುವಾಗ, ಇರಲಿಲ್ಲ ಎಂದನಲ್ಲ!

ಎಂಜಿನಿಯರನ ಹೆಗಲು ಸಡಿಲವಾದದ್ದು ಕಾಣಿಸಿತು. "ಅಂದ್ರೆ ಇವರು ಬಿಲ್ಲೆ ಹಾಕದೇ ಒಳಗೆ ಹೋಗಿದಾರೆ" ಎಂದ ಅವನು, ಮೆಲ್ಲಗೆ. "ಮೊದಲೂ ಇವರಿಗೆ ಆ ವಿಷಯದಲ್ಲಿ ಎಚ್ಚರಿಕೆ ಕೊಟ್ಟಿದ್ವಿ."

"ನೀವೇನು ಹೇಳ್ತೀರಿ?" ಎಂದಳು ಅಧಿಕಾರಿಣಿ.

"ಸ್ವಲ್ಪ ಹೊರಗೆ ಹೋಗಿ ಬರ್ತೀನಿ" ಎಂದಷ್ಟೇ ಹೇಳಿ ಅವಳು ಎದ್ದಳು.

ಗೇಟಿನ ಬಳಿ ಗಂಡ ಕಾಯುತ್ತಿದ್ದ, ಕುತ್ತಿಗೆಯಲ್ಲಿ ಅಳತೆಪಟ್ಟಿ ಹಾಗೇ ನೇತಾಡುತ್ತಿತ್ತು. ಅವಳು ನಡೆದದ್ದನ್ನು ಹೇಳಿದಳು. ಹೇಳುವಾಗಲೂ ಬೇರೆ ಯಾರದೋ ಮನೆಯ ಸುದ್ದಿಯಂತಿತ್ತು.

"ಹೆದರ್ಕೊಂಡು ಹೇಳಿರ್ತಾನೆ ಕಣೇ."

"ಹೆದರ್ಕೊಂಡ್ರೆ? ನಾನು ಸತ್ತಿದ್ರೂ ಹೀಗೇ ಅಂತಿದ್ನಾ?"

ದರ್ಜಿ ಅಳತೆಪಟ್ಟಿಯನ್ನು ತೆಗೆದು ಸುತ್ತತೊಡಗಿದ. "ಹೊಸದಾಗಿ ಇಬ್ಬರು ಹೆಣ್ಮಕ್ಕಳು ಸೇರಿದಾರೆ ಅಂದಿದ್ಯಲ್ಲ" ಎಂದ. "ನಿನ್ನೆ ಅವರ ಅಂಗಿಗೆ ಅಳತೆ ತಗೊಂಡೆ. ಒಬ್ಬಳಿಗೆ ಇನ್ನೂ ಇಪ್ಪತ್ತೂ ತುಂಬಿಲ್ಲ ಅನ್ಸುತ್ತೆ."

ಅವಳು ಅಲ್ಲಿಂದಲೇ ತಿರುಗಿ ಒಳಗೆ ಹೋದಳು. ಕೂರಲಿಲ್ಲ. ಬಿಲ್ಲೆ ತಗುಲಿಸಿ ಹೋಗಿದ್ದೆ ಎಂದಳು. ಹಿಂದೆ ಮರೆತದ್ದನ್ನೂ ಹೇಳಿದಳು, ಎರಡು ಸಲ ತಮ್ಮ ತೆಗೆದಿಟ್ಟದ್ದನ್ನೂ, ತಾನು ಅದಕ್ಕೆ ಪುಣ್ಯ ಕಟ್ಟಿಕೊಂಡೆ ಎಂದು ಹೊಗಳಿದ್ದನ್ನೂ ಹೇಳಿದಳು. "ಈ ಅಭ್ಯಾಸ ಅವನಿಗೆ ಕಲಿಸಿದ್ದು ನಾನೇ. ತಪ್ಪು ಇಬ್ಬರದ್ದೂ ಇದೆ. ಆದ್ರೆ ಬಿಲ್ಲೆ ಇರ್ಲಿಲ್ಲ ಅನ್ನೋದು ಸುಳ್ಳು."

ತಮ್ಮ ಪ್ಯಾಂಟಿನ ಜೇಬಿಗೆ ಕೈ ಹಾಕಿ ಬಿಲ್ಲೆ ತೆಗೆದು ಮೇಜಿನ ಮೇಲಿಟ್ಟ. ಹಿಂದಿನ ದಿನದಿಂದ ಅದು ಅವನ ಬಳಿಯೇ ಇತ್ತು. ಗೇಜಿನ ಮುದುಕ ಕಿಟಕಿಯಾಚೆ ತಿರುಗಿ ನಿಂತ.

ತಮ್ಮನನ್ನು ಕೆಲಸದಿಂದ ತೆಗೆದರು. ಎಂಜಿನಿಯರನಿಗೆ ಬೇರೆ ಕಡೆಗೆ ವರ್ಗವಾಯಿತು. ಅವಳಿಗೂ ಒಂದು ಎಚ್ಚರಿಕೆಯ ಪತ್ರ ಬಂತು, ಅದನ್ನು ಓದಿ ಮಡಚಿಟ್ಟಳು. ಇನ್ನು ಮುಂದೆ ಏನು ಮಾಡಬೇಕೆಂದು ಅಧಿಕಾರಿಣಿ ಕೇಳಿದಾಗ ಅವಳೇ ಹೇಳಿದ್ದು: "ಆ ಹಲಗೆ ಕಿತ್ತುಹಾಕಿ. ಪಂಪಿಗೆ ಬೀಗ ಹಾಕಿ, ಬೀಗದ ಕೈ ಒಳಗೆ ಹೋಗೋರ ಕುತ್ತಿಗೇಲಿ ಇರ್ಲಿ. ಅವರು ಹೊರಗೆ ಬರದೇ ಪಂಪು ಶುರುವಾಗಬಾರದು. ಯಾರ ನೆನಪನ್ನೂ ನಂಬೋದು ಬೇಡ, ಯಾರ ಒಳ್ಳೇತನಾನೂ ಬೇಡ." ಹಾಗೆಯೇ ಮಾಡಿದರು.

ಅವಳು ಮತ್ತೆ ಒಳಗೆ ಹೋಗಲು ನೋಡಿದಳು. ಮೂರನೆಯ ಬೆಸುಗೆಯ ಹತ್ತಿರ ಮೈ ಕಲ್ಲಾಯಿತು. ಹಿಂದಿನಿಂದ ಹಗ್ಗದಲ್ಲಿ ಎಳೆದು ತೆಗೆಯಬೇಕಾಯಿತು. ಅಲ್ಲಿಗೆ ಆ ಕೆಲಸ ಮುಗಿಯಿತು. ಹೊಸಬರಿಬ್ಬರಿಗೆ ಹೊರಗಿನಿಂದಲೇ ಕಲಿಸತೊಡಗಿದಳು: ಸುತ್ತಿಗೆ ಹಿಡಿಯುವುದು, ತಟ್ಟುವುದು, ಕೇಳುವುದು.

ಹನ್ನೆರಡನೆಯ ಹಾರಿಕೆ ಆದದ್ದು ಎರಡು ತಿಂಗಳ ಮೇಲೆ. ಅಲ್ಲಿಯವರೆಗೆ ಅವಳು ಫಿರಂಗಿ ಹಾರಿದ್ದನ್ನು ಕಣ್ಣಾರೆ ಕಂಡಿರಲಿಲ್ಲ. ಪ್ರತಿ ಸಲವೂ ಆಸರೆಯ ಗೋಡೆಯ ಹಿಂದೆ ಕಾಲು ಚಾಚಿ ದಣಿವಾರಿಸಿಕೊಳ್ಳುತ್ತಿದ್ದಳು. ಈ ಸಲ ಗೇಜಿನ ಮುದುಕ ಕರೆದು ದಪ್ಪ ಗಾಜಿನ ಕಿಟಕಿಯ ಬಳಿ ನಿಲ್ಲಿಸಿದ. ಎಣಿಕೆ ಮುಗಿಯುವ ಮೊದಲೇ ನೆಲ ಅಂಗಾಲಿಗೆ ಗುದ್ದಿದಂತಾಯಿತು. ನಳಿಗೆಯ ಬಾಯಲ್ಲಿ ಬಿಳಿಯ ಬೆಂಕಿಯ ಚೆಂಡೊಂದು ಉಬ್ಬಿ ಮಾಯವಾಯಿತು. ಆಮೇಲೆ ಸದ್ದು, ಗಾಜು ಗಡಗಡ ನಡುಗುವಂಥದ್ದು. ಗುಂಡು ಯಾರಿಗೂ ಕಾಣಿಸಲೇ ಇಲ್ಲ. ಅದಾಗಲೇ ಮೋಡದಾಚೆ ಹೋಗಿಯಾಗಿತ್ತು.

ಸುತ್ತಲಿದ್ದವರು ಚಪ್ಪಾಳೆ ತಟ್ಟುತ್ತಿದ್ದರು. ಅವಳು ನಿಧಾನಕ್ಕೆ ಕುಸಿದು ನೆಲದ ಮೇಲೆ ಕೂತಳು. ಅವತ್ತು ಗಾಳಿ ಹೋಗಿ ಸಾಯುತ್ತೇನೆಂದು ಹೆದರಿದ್ದಳೇ ಹೊರತು, ಗಾಳಿ ಹೋದ ಮೇಲೆ ಬರುವುದು ಇದು ಎಂಬ ಯೋಚನೆ ಈವರೆಗೆ ಬಂದಿರಲಿಲ್ಲ. ಮುದುಕ ನೀರು ತಂದುಕೊಟ್ಟ. "ಇಷ್ಟು ಬೇಗಾನಾ?" ಎಂದು ಕೇಳಿದಳು ಅವನನ್ನು. "ಇಷ್ಟು ಬೇಗ ಆಗ್ಹೋಗುತ್ತಾ?"

"ಅಷ್ಟೇಮ್ಮ" ಎಂದ ಮುದುಕ.

ಐದು ತಿಂಗಳು ತಮ್ಮ ಮನೆಗೆ ಬರಲಿಲ್ಲ. ಸೈಕಲ್ ರಿಪೇರಿ ಅಂಗಡಿಯಲ್ಲಿ ಕೆಲಸಕ್ಕಿದ್ದಾನೆ, ಅಂಗಡಿಯ ಮೇಲಿನ ಕೋಣೆಯಲ್ಲಿ ಇದ್ದಾನೆ ಎಂದು ಗಂಡ ಸುದ್ದಿ ತಂದ. ಒಂದು ಭಾನುವಾರ ಮಧ್ಯಾಹ್ನ ಅವಳೇ ಹೋದಳು. ಬಾಗಿಲು ತೆರೆದವನು ಅಕ್ಕನನ್ನು ಕಂಡು ಹಿಂದೆ ಸರಿದು ಗೋಡೆಗೆ ಆತು ನಿಂತ. ಕೋಣೆಯಲ್ಲಿ ಒಂದು ಮಂಚ, ಒಂದು ಸ್ಟೂಲು, ಒಂದು ಕಪಾಟು, ಗೋಡೆಗೆ ಒರಗಿಸಿದ ಎರಡು ಚಕ್ರ.

ಅವಳು ಸ್ಟೂಲಿನ ಮೇಲೆ ಕೂತಳು. "ಯಾಕೋ ಹಾಗಂದೆ?"

"ಗೊತ್ತಿಲ್ಲ ಅಕ್ಕ. ಇರ್ಲಿಲ್ಲ ಅಂತ ಬಾಯಿಂದ ಬಂದ್ಬಿಡ್ತು. ಬಂದ್ಮೇಲೆ ನನಗೇ ನಿಜ ಅನ್ನಿಸ್ತು. ಜೇಬಲ್ಲಿ ಕೈ ಇಟ್ಕೊಂಡೇ ಇದ್ದೆ, ಕೈಗೆ ಬಿಲ್ಲೆ ಸಿಗ್ತಾನೂ ಇತ್ತು. ಆದ್ರೂ ನಿಜ ಅನ್ನಿಸ್ತು."

ಅವಳು ಅವನ ಮುಖವನ್ನೇ ನೋಡಿದಳು. ಸುಳ್ಳು ಹೇಳುವಾಗ ಅವನು ಹೇಗಿರುತ್ತಾನೆಂದು ಅವನಿಗೆ ಎರಡು ವರ್ಷವಿದ್ದಾಗಿನಿಂದ ಬಲ್ಲವಳು. ಇದು ಸುಳ್ಳಲ್ಲ. ಅದೇ ಅವಳನ್ನು ಹೆಚ್ಚು ಬೆಚ್ಚಿಬೀಳಿಸಿತು. ಅವನಿಗೆ ತನ್ನ ಮೇಲೆ ಹಗೆಯಿರಲಿಲ್ಲ, ಕಪಟವಿರಲಿಲ್ಲ; ಏನೂ ಇರಲಿಲ್ಲ. ಏನೂ ಇಲ್ಲದೆಯೂ ಇಂಥದ್ದು ಆಗಿಬಿಡಬಹುದಿತ್ತು.

"ಎಷ್ಟು ಮೇಲಿದ್ದೆ ನೀನು, ಬಾಗಿಲು ಹಾಕ್ದಾಗ?" ಎಂದು ಅವನು ಕೇಳಿದ.

"ಇಪ್ಪತ್ತೆರಡು."

ಅವನು ಮಂಚದ ಮೇಲೆ ಕೂತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಅವಳು ಸಮಾಧಾನ ಹೇಳಲಿಲ್ಲ, ಕ್ಷಮಿಸಿದೆ ಎಂದೂ ಹೇಳಲಿಲ್ಲ. ಅವನ ಅಳು ನಿಲ್ಲುವವರೆಗೆ ಕಾದು, "ಊಟ ಆಯ್ತಾ?" ಎಂದಳು. ಅವನು ತಲೆಯಾಡಿಸಿದ, ಇಲ್ಲವೆಂದು. ಅವಳು ಎದ್ದು ಕಪಾಟಿನಲ್ಲಿ ಏನಿದೆ ಎಂದು ನೋಡತೊಡಗಿದಳು.

ಈಗ ತಿಂಗಳಿಗೊಮ್ಮೆ ಅವಳು ಅಲ್ಲಿಗೆ ಹೋಗಿ ಬರುತ್ತಾಳೆ. ಆ ದಿನದ ಮಾತು ಇಬ್ಬರೂ ಎತ್ತುವುದಿಲ್ಲ. ಸಂಜೆ ಹೊರಡುವಾಗ ತಮ್ಮ ಬಸ್ ನಿಲ್ದಾಣದವರೆಗೂ ಬರುತ್ತಾನೆ, ಬೇಡವೆಂದರೂ ಕೇಳುವುದಿಲ್ಲ. ಅವಳು ಹತ್ತಿ ಕಿಟಕಿಯ ಬಳಿ ಕೂತದ್ದನ್ನು ನೋಡಿ, ಬಸ್ಸು ಹೊರಟ ಮೇಲೂ ಅಲ್ಲೇ ನಿಂತಿರುತ್ತಾನೆ.